ಗಿಳಿವಿಂಡು: ಮನೆ ಮಂಜೇಶ್ವರದಲ್ಲಿ, ಪುಸ್ತಕ ಉಡುಪಿಯಲ್ಲಿ

ಮಂಜೇಶ್ವರದಲ್ಲಿ ಕವಿ, ಸಂಶೋಧಕ ಗೋವಿಂದ ಪೈಗಳ ಮನೆ, ಈಗಿನ ಹೆಸರು ಗಿಳಿವಿಂಡು, ನೋಡ್ಲಿಕ್ಕೆ ಬಂದವರು ಹೊರಗೆ ಬಂದು ಕೇಳೋದು ಒಂದೇ ಪ್ರಶ್ನೆ, ಅಲ್ಲ ಮಾರಾಯ್ರೆ, ಅಷ್ಟು ದೊಡ್ಡ ಲೈಬ್ರರಿ ಇತ್ತಂತಲ್ಲ, ಅದೆಲ್ಲಿ ಹೋಯ್ತು? ಉಡುಪಿಯಲ್ಲಿ ಉಂಟು. ಯಾಕೆ ಅಂತ ಕೇಳಿದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಮನೆ ಇದ್ದಲ್ಲೇ ಉಂಟು, ವಿಳಾಸ ಮಾತ್ರ ಬದಲಾಗ್ತಾ ಬಂತು. ಮದ್ರಾಸಿನ ಸೌತ್ ಕೆನರಾ ಆಗಿದ್ದದ್ದು 1956ರ ನವೆಂಬರ್ 1ಕ್ಕೆ ಕೇರಳ, ಆಮೇಲೆ ಕಣ್ಣೂರು ಜಿಲ್ಲೆ, 1984ಕ್ಕೆ ಕಾಸರಗೋಡು ಜಿಲ್ಲೆ, 2014ಕ್ಕೆ ಮಂಜೇಶ್ವರವೇ ತಾಲೂಕು. ಚಂದ್ರಗಿರಿ ಹೊಳೆಯಿಂದ ಉತ್ತರದ್ದು ಕರ್ನಾಟಕಕ್ಕೆ ಅಂತ ಗಡಿ ತಕರಾರಿನ ಮಹಾಜನ್ ಆಯೋಗದ ವರದಿ 1967ರಲ್ಲಿ ಹೇಳಿದ್ದು ಕಾಗದದಲ್ಲೇ ಉಳೀತು.

ಪೈಗಳು ಹುಟ್ಟಿದ್ದು 1883ರಲ್ಲಿ. ಮದ್ರಾಸಿನಲ್ಲಿ ಬಿಎ ಓದ್ತಿದ್ದಾಗ ತಂದೆ ತೀರಿಕೊಂಡ್ರು, ಓದು ಅಲ್ಲಿಗೇ ನಿಂತಿತು, ಆಮೇಲೆ ನೆಲೆ ನಿಂತದ್ದು ಈ ಮನೆಯಲ್ಲಿ. ಕಾಲೇಜಿನ ಕೆಲಸ ಇಲ್ಲ, ಯೂನಿವರ್ಸಿಟಿ ಇಲ್ಲ, ಕರಾವಳಿಯ ಮೂಲೆಯಲ್ಲಿ ಕೂತು ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆ ಆದದ್ದು 981ರ ಮಾರ್ಚ್ 13ಕ್ಕೆ ಅಂತ ಲೆಕ್ಕ ಹಾಕಿದ ಮನುಷ್ಯ. ಯೇಸುವಿನ ಕೊನೆಯ ದಿನದ ಮೇಲೆ ಗೊಲ್ಗೊಥಾ ಬರೆದದ್ದು, ಬುದ್ಧನ ಮೇಲೆ ವೈಶಾಖಿ ಬರೆದದ್ದು ಇದೇ ಜನ. ಇಂಥ ಕೆಲಸಕ್ಕೆ ಶಾಸನ ಸಂಪುಟ, ಪಂಚಾಂಗ, ಹತ್ತಾರು ಭಾಷೆಯ ನಿಘಂಟು ಎಲ್ಲ ಕೈಗೆಟಕುವ ಹಾಗೆ ಇರ್ಬೇಕು, ಅಂದ್ರೆ ಆ ಲೈಬ್ರರಿ ಶೋಕಿಗೆ ಇದ್ದದ್ದಲ್ಲ, ಬಡಗಿಗೆ ಉಳಿ ಇದ್ದ ಹಾಗೆ. 1949ರಲ್ಲಿ ರಾಷ್ಟ್ರಕವಿ ಅಂತ ಕರೆದದ್ದು ಮದ್ರಾಸ್ ಸರ್ಕಾರ, ಏಳು ವರ್ಷ ಕಳೆಯೋದ್ರೊಳಗೆ ಊರು ಆ ಸರ್ಕಾರದ್ದಾಗಿ ಉಳೀಲಿಲ್ಲ. ಕವಿಗೆ ಆಗ 73.

1963ರಲ್ಲಿ ಪೈಗಳು ತೀರಿಕೊಂಡ್ರು. ಪುಸ್ತಕ ಎಲ್ಲ ಉಡುಪಿಯ ಎಂಜಿಎಂ ಕಾಲೇಜಿಗೆ ಹೋಯ್ತು, ಅಲ್ಲಿ ಅವರ ಹೆಸರಲ್ಲೇ ಸಂಶೋಧನ ಕೇಂದ್ರ ಆಯ್ತು, ಅವರ ಸಂಶೋಧನೆ ಬರಹಗಳ ಸಂಪುಟ ಬಂದದ್ದೂ ಅಲ್ಲಿಂದಲೇ. ಬೈಯ್ಲಿಕ್ಕೆ ಆಗೋದಿಲ್ಲ. ನಮ್ಮ ಮಳೆಗಾಲ, ಹಂಚಿನ ಮಾಡು, ಗೆದ್ದಲು ಇದೆಲ್ಲ ಗೊತ್ತಿದ್ದವರಿಗೆ ಅರ್ಥ ಆಗ್ತದೆ, ಇಲ್ಲೇ ಬಿಟ್ಟಿದ್ರೆ ಎಷ್ಟು ಉಳೀತಿತ್ತೋ.

ಆದ್ರೆ ಮನೆ ಖಾಲಿ ಆಯ್ತು ನೋಡಿ. ಜಾಗ ಕೇರಳದ್ದು, ಕವಿ ಕನ್ನಡದವರು, ಹಾಗಾಗಿ ಒಂದು ಗೋಡೆಗೆ ಸುಣ್ಣ ಹಚ್ಚುವ ಮಾತಿಗೂ ತಿರುವನಂತಪುರ ಒಂದು ಕಡೆ, ಬೆಂಗಳೂರು ಇನ್ನೊಂದು ಕಡೆ, ಇಬ್ಬರಿಗೂ ಪ್ರೀತಿ ಉಂಟು, ಇಬ್ಬರಿಗೂ ದೂರ. ಕೊನೆಗೆ ಎಲ್ಲರೂ ಸೇರಿ ಮನೆ ರಿಪೇರಿ, ಒಂದು ರಂಗಮಂದಿರ ಎಲ್ಲ ಆಗಿ 2017ರಲ್ಲಿ ಉದ್ಘಾಟನೆ ಆಯ್ತು. ಹೆಸರು 1930ರ ಅವರದ್ದೇ ಕವನ ಸಂಕಲನದ್ದು, ಗಿಳಿವಿಂಡು. ಒಳ್ಳೆ ಹೆಸರು.

ನನ್ನ ತಕರಾರು ಇಷ್ಟೇ, ರಂಗಮಂದಿರಕ್ಕೆ ವರ್ಷಕ್ಕೆ ನಾಲ್ಕು ಪ್ರೋಗ್ರಾಂ ಇದ್ರೂ ನಡೀತದೆ, ಮ್ಯೂಸಿಯಂ ಆಗ್ಬೇಕಾದ್ರೆ ದಿನಾ ಬಾಗಿಲು ತೆಗೆದು ಬಂದ ಮಕ್ಕಳಿಗೆ ಈ ಮನುಷ್ಯ ಇಲ್ಲಿ ಎಂತ ಮಾಡ್ತಿದ್ದ ಅಂತ ಹೇಳುವ, ತಿಂಗಳ ಸಂಬಳ ಇರುವ ಒಂದು ಜನ ಬೇಕು. ಕನ್ನಡದಲ್ಲೂ ಮಲಯಾಳದಲ್ಲೂ. ಪುಸ್ತಕ ವಾಪಸ್ ತರೋದೇನೂ ಬೇಡ, ಪೈಗಳು ಮಾರ್ಜಿನ್‌ನಲ್ಲಿ ಗೀಚಿದ ನಾಲ್ಕು ಪುಟದ ಫೋಟೋ ಹಾಕಿದ್ರೂ ಆ ಮನೆಗೆ ಅವರು ಬಂದ ಹಾಗೆ ಆಗ್ತದೆ.

ಅಲ್ಲಿವರೆಗೆ ಪುಸ್ತಕ ನೋಡ್ಬೇಕಾದವರು ಗಡಿಯ ತಲಪಾಡಿ ದಾಟಿ ಮಂಗಳೂರು, ಅಲ್ಲಿಂದ ಉಡುಪಿ ಬಸ್ಸು, ಇಳಿದು ಎಂಜಿಎಂ ಎಲ್ಲಿ ಅಂತ ಕೇಳಿದ್ರೆ ಯಾರಾದ್ರೂ ಹೇಳ್ತಾರೆ.