ಹಳೇ ಲೆಕ್ಕ ಹೊಸ ಡೇಟಾಬೇಸ್‌ಗೆ: ಎರಡು ದಿನ ಸಾಕಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಹೋಟೆಲ್‌ಗಳಿಗೆ ಪಾರ್ಸೆಲ್ ಡಬ್ಬಿ, ಪೇಪರ್ ಕಪ್ ಸಪ್ಲೈ ಮಾಡುವ ಅಂಗಡಿ. ಬಿಲ್ಲಿಂಗ್ ಇನ್ನೂ ಫಾಕ್ಸ್‌ಪ್ರೋ ಅನ್ನುವ ಹಳೇ ಡೇಟಾಬೇಸ್ ಪ್ರೋಗ್ರಾಮ್‌ನಲ್ಲೇ ನಡೀತಿದೆ. ಈಗ ಹೊಸ ಸಾಫ್ಟ್‌ವೇರ್ ಮಾಡಿಸಿದ್ದೇವೆ, ಡೇಟಾಬೇಸ್ ಪೂರ್ತಿ ಬೇರೆ ಥರ ಇದೆ. ಹಳೇ ಡೇಟಾ ಹಾಕಲು ಎರಡು ದಿನ ಸಾಕು ಅಂತಾನೆ ಸಾಫ್ಟ್‌ವೇರ್ ಮಾಡಿದ ಹುಡುಗ. ಹೌದಾ? ಎಲ್ಲಾ ಹಾಕಲೇಬೇಕಾ?

ಹಾಕಲು ಎರಡು ದಿನವೂ ಬೇಡ, ಒಂದು ರಾತ್ರಿ ಸಾಕು. ಆದರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ತೀರ್ಮಾನ ಮಾಡಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ಆ ತೀರ್ಮಾನ ಹುಡುಗ ಒಬ್ಬನೇ ಕೂತು ಮಾಡುವಂಥದ್ದಲ್ಲ. ಇಷ್ಟು ವರ್ಷ ಲೆಕ್ಕ ಬರೆದ ನಿಮ್ಮ ಮೇತಾಜಿ ಪಕ್ಕದಲ್ಲಿರಬೇಕು.

ಯಾಕೆ ಅಂತ ಹೇಳ್ತೀನಿ. ಘಾಟ್‌ಕೋಪರ್‌ನ ಒಂದು ಅಂಗಡಿಯ ಡೇಟಾ ನೋಡುತ್ತಿದ್ದಾಗ ಕೆಲವು ಪಾರ್ಟಿಗಳ (ಗಿರಾಕಿಗಳ) ಹೆಸರಿನ ಮುಂದೆ ಒಂದು ಚುಕ್ಕಿ ಕಂಡಿತು. ಟೈಪಿಂಗ್ ತಪ್ಪು ಅಂದುಕೊಂಡು ಅಳಿಸಲು ಹೊರಟಿದ್ದೆ. ಮೇತಾಜಿ ನೋಡಿ ನಕ್ಕರು. ಚುಕ್ಕಿ ಇದ್ದವರಿಗೆ ಉದ್ರಿ ಇಲ್ಲ, ರೋಕಡಿ ಮಾತ್ರ! ಹಳೇ ಪ್ರೋಗ್ರಾಮ್‌ನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಚುಕ್ಕಿಯಲ್ಲೇ ಕೆಲಸ ಸಾಗಿಸಿದ್ದರು. ಹೊಸದರಲ್ಲಿ ಅದಕ್ಕೆ ಒಂದು ಕಾಲಂ ಮಾಡಿದೆವು. ನಿಮ್ಮಲ್ಲೂ ಇಂಥದ್ದು ಹತ್ತಾರು ಇರುತ್ತವೆ. ರಿಮಾರ್ಕ್ಸ್‌ನಲ್ಲಿ ಎರಡನೇ ಫೋನ್ ನಂಬರ್, ವಿಳಾಸದ ಮೂರನೇ ಸಾಲಿನಲ್ಲಿ ಡ್ರೈವರ್ ಹೆಸರು, ಹೀಗೆ.

ಕ್ರಮ ಇಷ್ಟೇ. ಮೊದಲು ಹಳೇ ಡೇಟಾವನ್ನು ಇದ್ದ ಹಾಗೇ ಒಂದು ಕಚ್ಚಾ ಟೇಬಲ್‌ಗೆ ಇಳಿಸಿ, ಎಲ್ಲಾ ಕಾಲಂ ಬರೀ ಟೆಕ್ಸ್ಟ್. ಅಲ್ಲಿಂದ ಸ್ಕ್ರಿಪ್ಟ್, ಅಂದರೆ ಒಂದು ಸಣ್ಣ ಪ್ರೋಗ್ರಾಮ್, ಬರೆದು ಹೊಸ ಟೇಬಲ್‌ಗಳಿಗೆ ಸಾಗಿಸಿ. ಮೊದಲು ಪಾರ್ಟಿ ಮತ್ತು ಸಾಮಾನು, ಆಮೇಲೆ ಬಿಲ್, ಆಮೇಲೆ ಬಿಲ್ಲಿನೊಳಗಿನ ಸಾಲುಗಳು, ಕೊನೆಗೆ ಜಮಾ. ಪಾರ್ಟಿಯೇ ಇಲ್ಲದೆ ಬಿಲ್ ಹಾಕಲು ಹೋದರೆ ಡೇಟಾಬೇಸ್ ಒಪ್ಪುವುದಿಲ್ಲ, ಒಪ್ಪಬಾರದು. ಪ್ರತಿ ಸಾಲಿನಲ್ಲೂ ಹಳೇ ನಂಬರ್ ಒಂದು ಕಾಲಂನಲ್ಲಿ ಉಳಿಯಲಿ. ತಪ್ಪು ಕಂಡರೆ ಹೊಸದರಲ್ಲಿ ಕೈಯಿಂದ ತಿದ್ದಬೇಡಿ. ಸ್ಕ್ರಿಪ್ಟ್ ತಿದ್ದಿ, ಹೊಸ ಟೇಬಲ್‌ಗಳಲ್ಲಿ ಇದ್ದದ್ದೆಲ್ಲಾ ಅಳಿಸಿ, ಮತ್ತೆ ಓಡಿಸಿ. ಐದಾರು ಸಲ ಆಗುತ್ತದೆ, ಬೇಸರ ಬೇಡ.

ಫಾಕ್ಸ್‌ಪ್ರೋ ಅಂದಿರಲ್ಲ, ಅದರದ್ದೇ ಒಂದು ಚೇಷ್ಟೆ ಇದೆ. ಅದು ಡೇಟಾ ಇಡುವ ಡಿಬಿಎಫ್ ಫೈಲಿನಲ್ಲಿ ಒಂದು ಬಿಲ್ ಡಿಲೀಟ್ ಮಾಡಿದರೆ ಅದು ಹೋಗುವುದಿಲ್ಲ. ಸಾಲಿನ ತಲೆಗೆ ಒಂದು ನಕ್ಷತ್ರದ ಗುರುತು ಬೀಳುತ್ತದೆ ಅಷ್ಟೆ. ಪ್ಯಾಕ್ ಅನ್ನುವ ಕಮಾಂಡ್ ಕೊಡುವ ತನಕ ಅಲ್ಲೇ ಮಲಗಿರುತ್ತದೆ. ಆ ಗುರುತನ್ನು ನೋಡದ ಟೂಲ್‌ನಲ್ಲಿ ಫೈಲ್ ತೆರೆದರೆ ಕ್ಯಾನ್ಸಲ್ ಆದ ಬಿಲ್ಲುಗಳೆಲ್ಲ ಎದ್ದು ಕೂರುತ್ತವೆ. ಮೆಮೊ, ಅಂದರೆ ಉದ್ದನೆಯ ಟಿಪ್ಪಣಿ, ಎಫ್‌ಪಿಟಿ ಅನ್ನುವ ಬೇರೆ ಫೈಲಿನಲ್ಲಿ ಇರುತ್ತದೆ, ಅದನ್ನೂ ಜೊತೆಗೆ ಕಾಪಿ ಮಾಡಿ. ಕನ್ನಡ ಹೆಸರುಗಳನ್ನು ಹಳೇ ಬರಹ, ನುಡಿ ಫಾಂಟಿನಲ್ಲಿ ಹಾಕಿದ್ದರೆ ಯೂನಿಕೋಡ್‌ಗೆ ಬದಲಿಸಬೇಕು. ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ.

ದಾರಿಯಲ್ಲಿ ಎಕ್ಸೆಲ್ ಮುಟ್ಟದಿದ್ದರೆ ಒಳ್ಳೇದು. 03/04/2019 ಅಂದರೆ ನಮಗೆ ಏಪ್ರಿಲ್ 3. ಅಮೆರಿಕದ ಸೆಟ್ಟಿಂಗ್ ಇದ್ದರೆ ಅದಕ್ಕೆ ಮಾರ್ಚ್ 4. ಒಂದು ತಿಂಗಳ ವ್ಯತ್ಯಾಸ ತಾನೇ ಅನ್ನಬೇಡಿ, ಬಿಲ್ಲು ಹಿಂದಿನ ಆರ್ಥಿಕ ವರ್ಷಕ್ಕೇ ಹೋಗಿ ಕೂತಿರುತ್ತದೆ.

ಹೊಸ ಡೇಟಾಬೇಸ್‌ನ ನಿಯಮ ಹಳೇ ಸತ್ಯಕ್ಕೆ ಹೊಂದದೇ ಇರಬಹುದು. ಜಿಎಸ್‌ಟಿ ನಂಬರ್ ಕಡ್ಡಾಯ ಅಂತ ಹುಡುಗ ಹಾಕಿರುತ್ತಾನೆ. ಆದರೆ ಜಿಎಸ್‌ಟಿ ಬಂದದ್ದೇ 2017ರ ಜುಲೈ 1ಕ್ಕೆ. ಅದಕ್ಕಿಂತ ಹಿಂದಿನ ಬಿಲ್ಲಿಗೆ ಆ ಜಾಗ ಖಾಲಿ ಇರುವುದೇ ಸರಿ. ಸುಮ್ನೆ ಮಹಾರಾಷ್ಟ್ರದ 27ರಿಂದ ಶುರುವಾಗುವ ಹದಿನೈದು ಅಕ್ಷರ ತುಂಬಿಸಬೇಡಿ. ಹಾಗೇ ಬಿಲ್ಲಿನ ದರವೂ, ತೆರಿಗೆಯೂ ಆ ಬಿಲ್ಲಿನ ಸಾಲಿನಲ್ಲೇ ಇರಬೇಕು. 2025ರ ಸೆಪ್ಟೆಂಬರ್ 22ರಿಂದ ಎಷ್ಟೋ ಸಾಮಾನಿನ ಜಿಎಸ್‌ಟಿ ದರ ಬದಲಾಯಿತಲ್ಲ. ದರ ಬರೀ ಸಾಮಾನಿನ ಟೇಬಲ್‌ನಲ್ಲಿದ್ದರೆ ಹಳೇ ಬಿಲ್ ತೆರೆದಾಗ ಹೊಸ ಲೆಕ್ಕ ಬರುತ್ತದೆ.

ಇನ್ನು ನಾನೇ ಮಾಡಿದ ಒಂದು ಎಡವಟ್ಟು. ಒಂದು ಕಡೆ ಡಬಲ್ ಹೆಸರುಗಳನ್ನು ಒಂದು ಮಾಡುವಾಗ ಹೆಸರು ಮಾತ್ರ ನೋಡಿದೆ. ಒಂದೇ ದೇವರ ಹೆಸರಿನ ಮೂರು ಹೋಟೆಲ್, ಮುಲುಂಡ್‌ನಲ್ಲಿ ಒಂದು, ಠಾಣೆಯಲ್ಲಿ ಒಂದು, ಕಲ್ಯಾಣ್‌ನಲ್ಲಿ ಒಂದು. ಮಾಲೀಕರು ಬೇರೆ ಬೇರೆ. ಮೂರೂ ಸೇರಿ ಒಂದೇ ಖಾತೆ ಆಯಿತು. ಆದರೂ ಆ ರಾತ್ರಿ ಒಟ್ಟು ಬಾಕಿ ಪೈಸೆ ಪೈಸೆಗೂ ತಾಳೆಯಾಯಿತು! ನಾನು ಖುಷಿಯಾಗಿ ಮನೆಗೆ ಹೋದೆ. ಆಗದೇ ಏನು, ಮೂರು ಬಾಕಿಯನ್ನು ಕೂಡಿಸಿ ಒಂದೇ ಚೀಲಕ್ಕೆ ಹಾಕಿದರೂ ಮೊತ್ತ ಅಷ್ಟೇ ಅಲ್ವಾ? ಮರುದಿನ ಮುಲುಂಡ್‌ನವರಿಗೆ ಕಲ್ಯಾಣದ ಬಾಕಿ ಕೇಳಿ ಫೋನ್ ಹೋಯಿತು. ಅವರು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಅಂದಿನಿಂದ ಒಟ್ಟು ಮೊತ್ತವನ್ನು ನಾನು ನಂಬುವುದಿಲ್ಲ. ಪಾರ್ಟಿಗಳ ಸಂಖ್ಯೆ, ಪಾರ್ಟಿವಾರು ಬಾಕಿ, ತಿಂಗಳುವಾರು ಬಿಲ್ಲುಗಳ ಸಂಖ್ಯೆ, ಇವು ಹಳೇದರಲ್ಲೂ ಹೊಸದರಲ್ಲೂ ಒಂದೇ ಆಗಬೇಕು. ಬೇಕೆಂದೇ ಸೇರಿಸಿದ್ದಿದ್ದರೆ ಅದರ ಪಟ್ಟಿ ಬೇರೆ ಇರಬೇಕು. ಸೇರಿಸಲು ಜಿಎಸ್‌ಟಿ ನಂಬರ್ ಒಂದನ್ನೇ ನೆಚ್ಚಿಕೊಂಡರೂ ಸಾಲದು. ಒಂದೇ ರಾಜ್ಯದೊಳಗಿನ ನಾಲ್ಕು ಶಾಖೆಗೂ ಒಂದೇ ನಂಬರ್ ಇರಬಹುದು. ಅನುಮಾನ ಬಂದರೆ ಸೇರಿಸಬೇಡಿ. ಬೇರೆ ಇರುವುದನ್ನು ಆಮೇಲೆ ಸೇರಿಸುವುದು ಸುಲಭ, ಸೇರಿದ್ದನ್ನು ಬಿಡಿಸುವುದು ಕಷ್ಟ.

ಎಲ್ಲಾ ಹಾಕಬೇಕಾ ಅಂದರೆ, ಬೇಡ. ಬಾಕಿ ಇರುವ ಬಿಲ್ಲುಗಳು, ಈ ವರ್ಷದ್ದು, ಹಿಂದಿನ ವರ್ಷದ್ದು ಸಾಕು. ಅದಕ್ಕಿಂತ ಹಳೇದನ್ನು ಓದಲು ಮಾತ್ರ ಆಗುವ ಹಾಗೆ ಇಡಿ. ಡಿಬಿಎಫ್ ಫೈಲು ಲಿಬ್ರೆಆಫೀಸ್‌ನಲ್ಲೂ ತೆರೆಯುತ್ತದೆ. ಆದರೆ ಎಸೆಯಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ತಾರೀಕಿನಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು, ಕೇಸು ಇದ್ದರೆ ಇನ್ನೂ ಜಾಸ್ತಿ.

ಕೊನೇ ಸಾಗಾಟಕ್ಕೆ ಗಣಪತಿ ಹಬ್ಬದ ಹತ್ತಿರದ ವಾರ ಬೇಡ, ಆರ್ಡರ್ ಜಾಸ್ತಿ ಇರುತ್ತವೆ. ಯಾವುದಾದರೂ ಸಪ್ಪೆ ವಾರದ ಶನಿವಾರ ರಾತ್ರಿ ಬಿಲ್ಲಿಂಗ್ ನಿಲ್ಲಿಸಿ, ಬ್ಯಾಕಪ್ ತೆಗೆದು, ಸ್ಕ್ರಿಪ್ಟ್ ಓಡಿಸಿ, ಭಾನುವಾರ ಮೇತಾಜಿ ಜೊತೆ ಕೂತು ತಾಳೆ ನೋಡಿ. ಹುಡುಗ ಹೇಳಿದ ಎರಡು ದಿನ ಇದೇ. ಸೋಮವಾರದಿಂದ ಹಳೇ ಕಂಪ್ಯೂಟರ್‌ನಲ್ಲಿ ಬಿಲ್ ಹಾಕಲು ಆಗದ ಹಾಗೆ ಮಾಡಿ. ಇಲ್ಲದಿದ್ದರೆ ಗಡಿಬಿಡಿಯಲ್ಲಿ ಕೈ ಅಲ್ಲಿಗೇ ಹೋಗುತ್ತದೆ, ಮಧ್ಯಾಹ್ನದೊಳಗೆ ನಾಲ್ಕು ಬಿಲ್ ಅಲ್ಲಿ, ನಲವತ್ತು ಇಲ್ಲಿ.