ಕಿವಿಯವರೆಗೆ ತಲುಪದ ಬಣ್ಣದ ಕೋಶಗಳು

ಬಿಳಿ ಬೆಕ್ಕಿನ ಮರಿಯೊಂದು ಮುದುಡಿ ಮಲಗಿದೆ. ಹಿಂದೆ ಪಾತ್ರೆ ಬಿದ್ದು ಠಣ್ ಎಂದರೂ ಅದರ ಕಿವಿಯ ತುದಿ ಅಲುಗುವುದಿಲ್ಲ. ಯಾರಾದರೂ ಹತ್ತಿರ ನಡೆದು ಬಂದರೆ ಮಾತ್ರ, ನೆಲದ ಕಂಪನಕ್ಕೆ ಥಟ್ಟನೆ ಕಣ್ಣು ಬಿಡುತ್ತದೆ. ಆ ಕಣ್ಣು ನೀಲಿ.

"ನೀಲಿ ಕಣ್ಣು ಅಲ್ವಾ, ಅದಕ್ಕೇ ಕಿವುಡು" ಎನ್ನುತ್ತಾರೆ. ಡಾರ್ವಿನ್ ಕೂಡ 1859ರಲ್ಲಿ 'ಆರಿಜಿನ್ ಆಫ್ ಸ್ಪೀಶೀಸ್' ಪುಸ್ತಕದಲ್ಲಿ ನೀಲಿ ಕಣ್ಣಿನ ಬೆಕ್ಕುಗಳೆಲ್ಲ ಕಿವುಡು ಎಂದೇ ಬರೆದಿದ್ದರು. ಆಮೇಲಿನ ಆವೃತ್ತಿಯಲ್ಲಿ ತಿದ್ದಿಕೊಂಡರು: ಮೈಯೆಲ್ಲ ಬಿಳಿ ಇದ್ದು, ಕಣ್ಣೂ ನೀಲಿ ಇದ್ದರೆ ಸಾಮಾನ್ಯವಾಗಿ ಕಿವುಡು ಎಂದರು. ಜನ ಮಾತ್ರ ಇನ್ನೂ ತಿದ್ದಿಕೊಂಡಿಲ್ಲ.

ಸಯಾಮಿ ಬೆಕ್ಕನ್ನೇ ನೋಡಿ. ಕಣ್ಣು ಅಚ್ಚ ನೀಲಿ, ಕಿವಿ ಚುರುಕು. ಅದರಲ್ಲಿ ಬಣ್ಣ ಮಾಡುವ ಕೋಶಗಳು ಇವೆ, ಕೆಲಸ ಮಾತ್ರ ಸರಿಯಾಗಿ ಮಾಡುವುದಿಲ್ಲ. ಬಿಳಿ ಬೆಕ್ಕಿನದು ಬೇರೆಯೇ ಕಥೆ. ಅಲ್ಲಿ ಕೋಶಗಳೇ ಬಂದಿರುವುದಿಲ್ಲ.

ಈ ಕೋಶಗಳ ಹೆಸರು ಮೆಲನೋಸೈಟ್. ಭ್ರೂಣದ ಬೆನ್ನಿನ ಗೆರೆಯಿಂದ ಹೊರಟು ಚರ್ಮಕ್ಕೆ, ಕಣ್ಣಿಗೆ, ಒಳಕಿವಿಗೆ ಹೋಗಿ ಸೇರಬೇಕು. ದಾರಿಯಲ್ಲಿ ಬದುಕಿ ಮುಂದೆ ಸಾಗಲು ಕಿಟ್ ಎಂಬ ಜೀನ್ ಬೇಕು. ಬಿಳಿ ಬೆಕ್ಕುಗಳಲ್ಲಿ ಈ ಜೀನ್‌ನೊಳಗೆ ಹಳೆಯ ವೈರಸ್ಸೊಂದರ ತುಣುಕು ಸೇರಿಕೊಂಡಿದೆ. ಅದು ಗೊತ್ತಾಗಿದ್ದು 2014ರಲ್ಲಿ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿ ಬಿಳಿ.

ಆದರೆ ಬಣ್ಣದ ಕೋಶಕ್ಕೆ ಕಿವಿಯೊಳಗೆ ಏನು ಕೆಲಸ? ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಶಂಖದ ಹಾಗೆ ಸುತ್ತಿಕೊಂಡಿರುವ ಒಳಕಿವಿಯ ಗೋಡೆಯಲ್ಲಿ ಒಂದು ಪಟ್ಟಿಯಿದೆ. ಅಲ್ಲಿ ಮೆಲನೋಸೈಟ್‌ಗಳು ಇದ್ದರೆ ಮಾತ್ರ ಒಳಗಿನ ದ್ರವಕ್ಕೆ ಪೊಟ್ಯಾಸಿಯಂ ತುಂಬಿಕೊಳ್ಳುತ್ತದೆ, ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಒತ್ತಡ ನಿಲ್ಲುತ್ತದೆ. ಮಹಡಿಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ಶಬ್ದ ಬಂದಾಗ ಕೇಳುವ ಕೋಶಗಳ ಸಣ್ಣ ಕೂದಲು ಬಾಗುತ್ತವೆ, ನಲ್ಲಿ ತೆರೆಯುತ್ತದೆ, ಪೊಟ್ಯಾಸಿಯಂ ಸುರಿಯುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಟ್ಯಾಂಕೇ ಖಾಲಿಯಿದ್ದರೆ ನಲ್ಲಿ ತಿರುಗಿಸಿ ಏನು ಬಂತು? ಟಾರ್ಚ್ ಎಂದುಕೊಂಡರೂ ಸರಿ: ಬಲ್ಬ್ ಇದೆ, ಸ್ವಿಚ್ ಇದೆ, ಸೆಲ್ ಇಲ್ಲ. ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳುವ ಕೋಶಗಳೂ ಸೊರಗಿ ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ.

ಎಷ್ಟು ಕೋಶಗಳು ಎಲ್ಲಿಗೆ ತಲುಪುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಎರಡೂ ಕಣ್ಣು ನೀಲಿಯಿರುವ ಬಿಳಿ ಬೆಕ್ಕುಗಳಲ್ಲಿ ಶೇ. 65ರಿಂದ 85, ಒಂದೇ ಕಣ್ಣು ನೀಲಿಯಿದ್ದರೆ ಸುಮಾರು ಶೇ. 40, ನೀಲಿಯೇ ಇಲ್ಲದಿದ್ದರೂ ಸುಮಾರು ಐದರಲ್ಲಿ ಒಂದಕ್ಕೆ ಕಿವುಡು ಇರುತ್ತದೆ. ಮನುಷ್ಯರಲ್ಲೂ ಇಂಥದ್ದೇ ಇದೆ: ಹಣೆಯ ಮೇಲೆ ಬಿಳಿ ಕೂದಲ ಗೊಂಚಲು, ತಿಳಿನೀಲಿ ಕಣ್ಣು, ಕಿವುಡು. ಡಚ್ ಕಣ್ಣಿನ ವೈದ್ಯ ವಾರ್ಡನ್‌ಬರ್ಗ್ 1951ರಲ್ಲಿ ಇದನ್ನು ವಿವರಿಸಿದರು.

ಸುಮ್ನೆ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಬೇಡಿ. ಗಾಳಿ ಮೀಸೆಗೆ ತಾಗಿದರೂ ಬೆಕ್ಕು ತಿರುಗುತ್ತದೆ. ಒಂದೇ ಕಿವಿ ಕೇಳುವ ಬೆಕ್ಕು ಇನ್ನೂ ಮೋಸ ಮಾಡುತ್ತದೆ: ಕರೆದರೆ ಎಚ್ಚರಗೊಳ್ಳುತ್ತದೆ, ಆದರೆ ಬೇರೆಲ್ಲೋ ನೋಡುತ್ತದೆ. ದಿಕ್ಕು ಹಿಡಿಯಲು ಎರಡು ಕಿವಿ ಬೇಕಲ್ಲ. ಅದನ್ನು ಸೊಕ್ಕು ಎಂದು ಗದರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದೊಂದೇ ಕಿವಿಗೆ ಶಬ್ದ ಕೊಟ್ಟು ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆಯಿದೆ. ಪಶುವೈದ್ಯರನ್ನು ಕೇಳಿ. ಅಲ್ಲಿಯವರೆಗೆ, ಮಲಗಿದ ಬಿಳಿ ಬೆಕ್ಕನ್ನು ಎತ್ತಿಕೊಳ್ಳುವ ಮುಂಚೆ ಪಕ್ಕದ ನೆಲವನ್ನು ಎರಡು ಸಲ ತಟ್ಟಿ.