ಮಂಡಕಳ್ಳಿಯ ಕೂಲಿ: ಏರಿದ್ದೆಷ್ಟು, ಕೈಗೆ ಬಂದದ್ದೆಷ್ಟು

ವರ್ಷಕ್ಕೆ ಎರಡು ಸಲ, ಏಪ್ರಿಲ್ 1 ಮತ್ತು ಅಕ್ಟೋಬರ್ 1ಕ್ಕೆ, ಕೇಂದ್ರ ಸರ್ಕಾರದ ಕನಿಷ್ಠ ವೇತನದಲ್ಲಿ ತುಟ್ಟಿಭತ್ಯೆ ಬದಲಾಗುತ್ತದೆ. ‘ಕಾರ್ಮಿಕರ ಕೂಲಿ ಹೆಚ್ಚಳ’ ಅಂತ ಸುದ್ದಿ ಬರುತ್ತದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವವರು, ಟ್ರಾಲಿ ಜೋಡಿಸುವವರು, ಲೋಡರ್‌ಗಳು, ಗೇಟಿನ ಗಾರ್ಡುಗಳು ಅದನ್ನು ಮೊಬೈಲಿನಲ್ಲಿ ಓದಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಮುಂದಿನ ತಿಂಗಳು ಬ್ಯಾಂಕಿನ ಮೆಸೇಜು ನೋಡಿದರೆ ಅದೇ ಹಳೇ ಮೊತ್ತ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವುದಕ್ಕೂ ಅವಕಾಶವಿಲ್ಲ, ಕೈಗೇ ಬಂದಿರುವುದಿಲ್ಲ.

ಈ ಹಣ ಸೋರುವುದು ಎಲ್ಲಿ ಎಂದು ಹುಡುಕುವ ಮೊದಲು ಯಾವ ದರಪಟ್ಟಿ ನೋಡಬೇಕು ಎನ್ನುವುದು ಗೊತ್ತಿರಬೇಕು. ಮೊದಲ ತಪ್ಪು ಆಗುವುದೇ ಅಲ್ಲಿ. ಅದೇ ನಂಜನಗೂಡು ರಸ್ತೆಯಲ್ಲಿರುವ ಕಡಕೊಳದ ಕಾರ್ಖಾನೆಗೆ ರಾಜ್ಯ ಸರ್ಕಾರದ ದರ. ವಿಮಾನ ನಿಲ್ದಾಣಕ್ಕೆ ಕೇಂದ್ರದ ದರ. ಅದನ್ನು ನಡೆಸುವ ವಿಮಾನ ನಿಲ್ದಾಣ ಪ್ರಾಧಿಕಾರ 1994ರ ಕೇಂದ್ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ, ವಿಮಾನಯಾನವೂ ಸಂವಿಧಾನದ ಕೇಂದ್ರ ಪಟ್ಟಿಯಲ್ಲೇ ಇದೆ. ಗುತ್ತಿಗೆದಾರನ ಆಫೀಸು ಸರಸ್ವತಿಪುರಂನಲ್ಲಿದ್ದರೂ ಅಷ್ಟೇ, ಬೆಂಗಳೂರಿನಲ್ಲಿದ್ದರೂ ಅಷ್ಟೇ. ಕೇಂದ್ರದ ಅಧಿಸೂಚನೆಯಲ್ಲಿ ಗುಡಿಸುವ ಮತ್ತು ಸ್ವಚ್ಛ ಮಾಡುವ ಕೆಲಸ, ಕಾವಲು, ರನ್‌ವೇ ನಿರ್ಮಾಣ ಮತ್ತು ನಿರ್ವಹಣೆ ಪ್ರತ್ಯೇಕವಾಗಿ ನಮೂದಾಗಿವೆ. ಲೋಡಿಂಗ್ ಕೆಲಸದ ಕೆಳಗೆ ‘ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಮಾನು ಮತ್ತು ಸರಕು’ ಅಂತಲೇ ಬರೆದಿದ್ದಾರೆ. ಹಾಗಾಗಿ ಏರ್‌ಲೈನ್ ಪರವಾಗಿ ಗ್ರೌಂಡ್ ಹ್ಯಾಂಡ್ಲಿಂಗ್ ಏಜೆನ್ಸಿ ಇಟ್ಟುಕೊಂಡ ಲೋಡರ್‌ಗೂ ಇದೇ ದರ.

ಪಟ್ಟಿಯಲ್ಲಿ ಊರುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. ಬೆಂಗಳೂರು ಎ, ಮೈಸೂರು ನಗರ ಸಮೂಹ ಬಿ. 2017ರ ಜನವರಿಯಲ್ಲಿ ಮೂಲ ದರ ನಿಗದಿಯಾದಾಗ ಸ್ವಚ್ಛತೆ ಮತ್ತು ಲೋಡಿಂಗ್ ಕೆಲಸಕ್ಕೆ ದಿನಕ್ಕೆ ಎ ಊರಿನಲ್ಲಿ 523 ರೂಪಾಯಿ, ಬಿಯಲ್ಲಿ 437, ಸಿಯಲ್ಲಿ 350 ಇತ್ತು. ಮಂಡಕಳ್ಳಿಯನ್ನು ಹಳ್ಳಿ ಎಂದು ತೋರಿಸಿ ಸಿ ದರ ಹಾಕಿದರೆ ಮೂಲ ದರದಲ್ಲೇ ದಿನಕ್ಕೆ 87 ರೂಪಾಯಿ, 26 ದಿನಕ್ಕೆ 2,262 ರೂಪಾಯಿ ಹೋಯಿತು. ಅದರ ಮೇಲಿನ ತುಟ್ಟಿಭತ್ಯೆ ಬೇರೆ. ಟೆಂಡರ್ ದಾಖಲೆಯಲ್ಲಿ ಯಾವ ಅಕ್ಷರ ಇದೆ ಎನ್ನುವುದನ್ನು ಮೊದಲು ನೋಡಬೇಕು. ಟೆಂಡರಿನಲ್ಲಿ ಬಿ ಇದ್ದು ಸಂಬಳದ ಸ್ಲಿಪ್ಪಿನಲ್ಲಿ ಸಿ ದರ ಬಂದಿದ್ದರೆ ವಾದಕ್ಕೆ ಜಾಗವೇ ಇಲ್ಲ.

ಈಗ ಲೆಕ್ಕ. 2024ರ ಅಕ್ಟೋಬರ್ 1ರ ದರವನ್ನೇ ಮಾದರಿಗೆ ಇಟ್ಟುಕೊಳ್ಳೋಣ. ಆಮೇಲಿನ ದರಕ್ಕೂ ಲೆಕ್ಕದ ದಾರಿ ಇದೇ. ಬಿ ಊರಿನ ಹೌಸ್‌ಕೀಪಿಂಗ್ ಕೆಲಸಕ್ಕೆ ದಿನಕ್ಕೆ 655. ಈ ದರದಲ್ಲಿ ವಾರದ ರಜೆಯ ಕೂಲಿಯೂ ಸೇರಿದೆ, ಆದ್ದರಿಂದ ತಿಂಗಳಿಗೆ 26ರಿಂದ ಗುಣಿಸಬೇಕು: 17,030. ಇದರಲ್ಲಿ ಪಿಎಫ್ 15,000ದ ಮಿತಿಗೆ ಶೇ. 12, ಅಂದರೆ 1,800. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 0.75, ಅಂದರೆ 128. ವೃತ್ತಿ ತೆರಿಗೆ ಇಲ್ಲ, ಕರ್ನಾಟಕದಲ್ಲಿ ಅದು 25,000ದಿಂದ ಶುರು. ಕೈಗೆ ಬರಬೇಕಾದ್ದು 15,102.

ಸ್ಲಿಪ್ಪನ್ನೇ ಕೊಡದ ಗುತ್ತಿಗೆದಾರರೂ ಇರುತ್ತಾರೆ. ಅಂಥ ಕಡೆ ಪಿಎಫ್ ಪಾಸ್‌ಬುಕ್ ಸಾಕು, ಅದು ಸುಳ್ಳು ಹೇಳುವುದಿಲ್ಲ. ಪೂರ್ತಿ ತಿಂಗಳು ದುಡಿದವರ ಪಾಸ್‌ಬುಕ್ಕಿನಲ್ಲಿ ಕೆಲಸಗಾರರ ಪಾಲು 1,800, ಮಾಲೀಕರ ಪಾಲು 550, ಪಿಂಚಣಿಗೆ 1,250 ಬಿದ್ದಿರಬೇಕು. ಕೆಲಸಗಾರರ ಪಾಲು 1,100ರ ಆಸುಪಾಸಿನಲ್ಲಿದ್ದರೆ ಎರಡರಲ್ಲಿ ಒಂದು ನಡೆದಿದೆ. ಒಂದೋ ಕೂಲಿಯನ್ನು ಬೇಸಿಕ್, ಮನೆ ಬಾಡಿಗೆ ಭತ್ಯೆ, ವಾಷಿಂಗ್ ಅಲೋಯನ್ಸ್ ಎಂದು ಒಡೆದು ಬೇಸಿಕ್ ಮೇಲೆ ಮಾತ್ರ ಪಿಎಫ್ ಕಟ್ಟಿದ್ದಾರೆ. ಇಲ್ಲವೇ ದುಡಿದ ದಿನಗಳನ್ನೇ ಕಡಿಮೆ ತೋರಿಸಿದ್ದಾರೆ. ಕನಿಷ್ಠ ವೇತನ ಎಂದರೆ ಮೂಲ ದರ ಮತ್ತು ತುಟ್ಟಿಭತ್ಯೆ. ಅದನ್ನು ಒಡೆದು ಭತ್ಯೆಗಳ ಹೆಸರು ಹಚ್ಚುವಂತಿಲ್ಲ.

ದಿನ ಕಡಿಮೆ ಮಾಡುವ ಚಾಳಿ ಹುಟ್ಟುವುದು ಬಹುತೇಕ ಟೆಂಡರಿನಲ್ಲಿ, ಸೂಪರ್‌ವೈಸರನ ತಲೆಯಲ್ಲಲ್ಲ. ಶೌಚಾಲಯದ ಡ್ಯೂಟಿಗೆ ತಿಂಗಳ ಮೂವತ್ತೂ ದಿನ ಜನ ಬೇಕು. ಒಬ್ಬರು ಬರುವುದು 26 ದಿನ. ಉಳಿದ 4 ದಿನಕ್ಕೆ ಬದಲಿ ಆಳಿನ ಕೂಲಿಯನ್ನು ಅಂದಾಜಿನಲ್ಲೇ ಸೇರಿಸಬೇಕು, ಅಂದರೆ ಒಂದು ಡ್ಯೂಟಿಗೆ 17,030 ಅಲ್ಲ, 19,650. ಅಂದಾಜು ಬರೆಯುವವರು ತಲೆಗೆ 26 ದಿನ ಹಾಕಿ ಕೈತೊಳೆದುಕೊಂಡರೆ ಆ 4 ದಿನ ಯಾರದೋ ಬೆನ್ನಿನ ಮೇಲೆ ಬೀಳುತ್ತದೆ. ಅದೇ ಹೆಂಗಸು ಮೂವತ್ತು ದಿನ ಬರುತ್ತಾಳೆ, ಹಾಜರಾತಿಯಲ್ಲಿ 26 ಇರುತ್ತದೆ. ಕೆಲವು ಕಡೆ ‘ಎಕ್ಸ್‌ಟ್ರಾ ಡ್ಯೂಟಿ’ ಎಂದು ಒಂಟಿ ದರ ಕೊಟ್ಟು ಉಪಕಾರ ಮಾಡಿದಂತೆ ಮಾತಾಡುತ್ತಾರೆ. ಬದಲಿ ರಜೆ ಕೊಡದೆ ವಾರದ ರಜೆಯಲ್ಲಿ ದುಡಿಸಿದರೆ ಸಲ್ಲಬೇಕಾದ್ದು ಎರಡು ಪಟ್ಟು: 4 ದಿನಕ್ಕೆ 2,620 ಅಲ್ಲ, 5,240. ದಸರೆಯ ಹೊತ್ತಿನಲ್ಲಿ ಈ ಲೆಕ್ಕ ಇನ್ನೂ ಹದಗೆಡುತ್ತದೆ.

ಕೂಲಿಯ ಮೇಲೆ ಬರುವ ಖರ್ಚನ್ನೂ ಹೇಳಬೇಕು, ಇಲ್ಲದಿದ್ದರೆ ಗುತ್ತಿಗೆದಾರನ ಮೇಲೆ ಅನ್ಯಾಯದ ಮಾತು ಆಡಿದಂತಾಗುತ್ತದೆ. 17,030ಕ್ಕೆ ಮಾಲೀಕರ ಪಿಎಫ್ ಪಾಲು ಆಡಳಿತ ಶುಲ್ಕ, ವಿಮೆ ಸೇರಿ 1,950, ಇಎಸ್‌ಐ ಶೇ. 3.25ರಂತೆ 554, ಬೋನಸ್ ಶೇ. 8.33ರಂತೆ 1,419. ಬದಲಿ ಆಳಿಲ್ಲದೆ, ಗ್ರಾಚುಯಿಟಿ ಇಲ್ಲದೆ, ಯೂನಿಫಾರ್ಮ್ ಇಲ್ಲದೆ ಆಗಲೇ 20,953. ಇದರ ಮೇಲೆ ಅವನ ಸೇವಾ ಶುಲ್ಕ, ಆಮೇಲೆ ಶೇ. 18 ಜಿಎಸ್‌ಟಿ. ಈ ಅಂಕಿಗಳು ಗೊತ್ತಿದ್ದೂ ಒಬ್ಬ ಗುತ್ತಿಗೆದಾರ ಸೇವಾ ಶುಲ್ಕವನ್ನು ನೆಲಕ್ಕಿಳಿಸಿ ಟೆಂಡರ್ ಹಿಡಿದ ಎಂದರೆ ಅವನ ಲಾಭ ಬೇರೆ ಎಲ್ಲಿಂದಲೋ ಬರಬೇಕು. ಸಾಮಾನ್ಯವಾಗಿ ಅದು ಬರುವುದು ಎಟಿಎಂ ಮುಂದಿನಿಂದ. ಬ್ಯಾಂಕಿಗೆ ಪೂರ್ತಿ ಹಾಕುವುದು, ಸಂಜೆ ಎರಡು-ಮೂರು ಸಾವಿರ ವಾಪಸ್ ಕೇಳುವುದು. ಕಾಗದದಲ್ಲಿ ಎಲ್ಲವೂ ಸರಿ ಇರುವುದರಿಂದ ಇದನ್ನು ಹಿಡಿಯುವುದು ಕಷ್ಟ. ಕೊಡಲೇಬೇಕಾದ ಒತ್ತಡವಿದ್ದರೆ ನಗದು ಕೊಡಬೇಡಿ, ಯುಪಿಐಯಲ್ಲೇ ಕಳಿಸಿ. ಗುರುತು ಉಳಿಯುತ್ತದೆ. ಹಾಗೆಂದ ಮೇಲೆ ಕೇಳುವವರ ದನಿಯೂ ಸ್ವಲ್ಪ ತಗ್ಗುತ್ತದೆ.

ಯೂನಿಫಾರ್ಮ್ ಮತ್ತು ಪ್ರವೇಶ ಪಾಸಿನ ಖರ್ಚನ್ನು ಕೂಲಿಯಲ್ಲಿ ಹಿಡಿಯುವಂತಿಲ್ಲ. ಕಾನೂನು ಒಪ್ಪುವ ಕಡಿತಗಳ ಪಟ್ಟಿಯಲ್ಲಿ ಅವಿಲ್ಲ.

ಮಂಡಕಳ್ಳಿಯಂಥ ಚಿಕ್ಕ ನಿಲ್ದಾಣಕ್ಕೇ ವಿಶೇಷವಾದ ಒಂದು ಸಮಸ್ಯೆ ಇದೆ. 1,740 ಮೀಟರಿನ ರನ್‌ವೇ, ಎಟಿಆರ್ ಎಂಬ ಚಿಕ್ಕ ವಿಮಾನ, ದಿನಕ್ಕೆ ಬೆರಳೆಣಿಕೆಯ ಹಾರಾಟ. ಬೆಳಗಿನ ವಿಮಾನಕ್ಕೆ ಕರೆದು, ಅದು ಹೋದ ಮೇಲೆ ಲೋಡರ್‌ನನ್ನು ಹೊರಗೆ ಕಳಿಸಿ, ಸಂಜೆಯದಕ್ಕೆ ಮತ್ತೆ ಕರೆಯುತ್ತಾರೆ. ಶ್ರೀರಂಗಪಟ್ಟಣದಿಂದ ಎರಡು ಬಸ್ಸು ಹಿಡಿದು ಬಂದವನು ನಡುವೆ ಮನೆಗೆ ಹೋಗಿ ಬರುವುದು ಸಾಧ್ಯವಿಲ್ಲ, ಮರದ ಕೆಳಗೆ ಕೂತಿರುತ್ತಾನೆ. ಕೊನೆಗೆ ‘ಕೆಲಸ ಮಾಡಿದ್ದು ಐದು ಗಂಟೆ’ ಎಂದು ಅರ್ಧ ದಿನದ ಹಾಜರಿ. ವಿಮಾನ ರದ್ದಾದ ದಿನವಂತೂ ‘ಫ್ಲೈಟ್ ಇಲ್ಲ, ಡ್ಯೂಟಿ ಇಲ್ಲ’. ಎರಡೂ ತಪ್ಪು. ಕೆಲಸಗಾರ ತಾನಾಗಿ ಒಲ್ಲೆ ಎನ್ನದೆ, ಮಾಲೀಕನಿಗೆ ಕೆಲಸ ಕೊಡಲಾಗದೆ ಅವಧಿ ಕಡಿಮೆಯಾದರೆ ಪೂರ್ತಿ ದಿನದ ಕೂಲಿ ಸಲ್ಲಬೇಕು. 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಂ ಇದನ್ನೇ ಹೇಳುತ್ತಿತ್ತು. ಅದರ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ 10ನೇ ಕಲಂ ಹೇಳುವುದೂ ಇದನ್ನೇ. ಅದರ ಪಕ್ಕದ 11ನೇ ಕಲಮನ್ನೂ ಓದಿಕೊಳ್ಳಬೇಕು. ಜನ ಕಡಿಮೆ ಇರುವ ನಿಲ್ದಾಣದಲ್ಲಿ ಲೋಡರ್‌ನನ್ನೇ ರಾತ್ರಿ ಕಾವಲಿಗೆ ನಿಲ್ಲಿಸುವುದುಂಟು. ಕಾವಲಿನ ದರ 655 ಅಲ್ಲ, ಅದೇ 2024ರ ಅಕ್ಟೋಬರ್ ಪಟ್ಟಿಯಲ್ಲಿ ಶಸ್ತ್ರವಿಲ್ಲದ ಗಾರ್ಡಿಗೆ ಬಿ ಊರಿನಲ್ಲಿ 868. ಎಷ್ಟು ಹೊತ್ತು ಯಾವ ಕೆಲಸವೋ ಅಷ್ಟು ಹೊತ್ತಿಗೆ ಆ ದರ.

‘ವಿಮಾನಗಳೇ ಇಲ್ಲ, ಕೂಲಿ ಎಲ್ಲಿಂದ ಏರಿಸೋದು’ ಎನ್ನುವ ಮಾತು ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆದರೆ ಚಿಕ್ಕ ಊರುಗಳಿಗೆ ಅಗ್ಗದ ವಿಮಾನ ಓಡಿಸುವ ಕೇಂದ್ರದ ಉಡಾನ್ ಯೋಜನೆಯ ವಿಮಾನಗಳಿಗೆ ಪ್ರಾಧಿಕಾರ ಲ್ಯಾಂಡಿಂಗ್, ಪಾರ್ಕಿಂಗ್ ಶುಲ್ಕವನ್ನೇ ಹಾಕುವುದಿಲ್ಲ. ಚಿಕ್ಕ ನಿಲ್ದಾಣ ತನ್ನ ದುಡಿಮೆಯಲ್ಲೇ ಬದುಕಲಿ ಎಂದು ಯಾರೂ ಅಂದುಕೊಂಡಿಲ್ಲ, ದೇಶದ ದೊಡ್ಡ ನಿಲ್ದಾಣಗಳ ಗಳಿಕೆಯಲ್ಲಿ ಅದು ನಡೆಯುತ್ತದೆ. ಟಿಕೆಟ್ಟು ಅಗ್ಗವಾಗಲು ಸರ್ಕಾರ ಕೈ ಬಿಚ್ಚಬಹುದಾದರೆ ಶೌಚಾಲಯ ತೊಳೆಯುವವರ 26 ದಿನದ ಕೂಲಿಗೆ ಮಾತ್ರ ಮಂಡಕಳ್ಳಿಯ ವ್ಯಾಪಾರ ಕೇಳುವುದು ನ್ಯಾಯವಲ್ಲ. ಮಾಲೀಕನ ಶಕ್ತಿ ನೋಡಿ ಕನಿಷ್ಠ ವೇತನ ನಿಗದಿ ಮಾಡುವುದಲ್ಲ ಎಂದು ಸುಪ್ರೀಂ ಕೋರ್ಟು ದಶಕಗಳಿಂದ ಹೇಳಿಕೊಂಡು ಬಂದಿದೆ. 1982ರ ಏಷ್ಯಾಡ್ ಕಾರ್ಮಿಕರ ತೀರ್ಪಿನಲ್ಲಂತೂ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದೇ ಹೇಳಿತು.

ಹಾಗಾದರೆ ಕೂಲಿ ನಿಜವಾಗಿ ಏರಿದೆಯೇ? 437 ಇದ್ದದ್ದು 2024ರ ಅಕ್ಟೋಬರಿಗೆ 655 ಆಯಿತು, ಹೌದು. ಆದರೆ ನಡುವಿನ 218 ರೂಪಾಯಿ ಅಷ್ಟೂ ತುಟ್ಟಿಭತ್ಯೆ. ಅಕ್ಕಿ, ಎಣ್ಣೆ, ಗ್ಯಾಸ್ ದುಬಾರಿಯಾದದ್ದಕ್ಕೆ ಗ್ರಾಹಕ ಬೆಲೆ ಸೂಚ್ಯಂಕ ನೋಡಿ, ಆರಾರು ತಿಂಗಳು ತಡವಾಗಿ, ತುಂಬಿಕೊಟ್ಟ ಹಣ. ಮೂಲ ದರ 2017ರಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ಇದೆ. ಐದು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು ಎಂದು ಹಳೇ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಹೆಚ್ಚಳ ಎನ್ನಬೇಕಾದ್ದು ಆ ಪರಿಷ್ಕರಣೆಯನ್ನು.

ಅದು ಆಗುವಾಗ ಜಗಳ ನಡೆಯುವುದು ಸೂತ್ರದ ಮೇಲೆ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದ ಲೆಕ್ಕ ಇವತ್ತಿಗೂ ತಳಪಾಯ: ದುಡಿಯುವವ 1, ಹೆಂಡತಿ 0.8, ಎರಡು ಮಕ್ಕಳು ತಲಾ 0.6, ಒಟ್ಟು ಮೂರು ಘಟಕ. ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ, ವರ್ಷಕ್ಕೆ ಮನೆಗೆ 72 ಗಜ ಬಟ್ಟೆ, ಬಾಡಿಗೆ, ಇಂಧನ-ದೀಪಕ್ಕೆ ಶೇ. 20. ಮಕ್ಕಳ ಓದು, ಔಷಧಿ, ಮದುವೆ-ಮುಂಜಿಗೆ ಇನ್ನೊಂದು ಶೇ. 25 ಸೇರಬೇಕು ಎಂದು ಸುಪ್ರೀಂ ಕೋರ್ಟು ಆಮೇಲೆ ಹೇಳಿತು. ಮನೆಯಲ್ಲಿರುವ ತಾಯಿ ಈ ಲೆಕ್ಕದಲ್ಲಿ ಇಲ್ಲ. ಬಾಡಿಗೆಯನ್ನು ಕೇಂದ್ರದ ಕರಡು ನಿಯಮದಲ್ಲಿ ಊಟ-ಬಟ್ಟೆಯ ಖರ್ಚಿನ ಶೇ. 10 ಎಂದು ಇಟ್ಟಿದ್ದಾರೆ. ಊಟ-ಬಟ್ಟೆಗೆ 12,000 ಆದರೆ ಬಾಡಿಗೆ 1,200. ಮೈಸೂರಿನಲ್ಲಿ 1,200ಕ್ಕೆ ಒಂದು ಕೋಣೆ, ಒಂದು ಬಚ್ಚಲು ತೋರಿಸಿ ನೋಡೋಣ.

ಕೂಲಿ ಏರಿದಾಗ ಒಂದು ಕಡೆ ಪೆಟ್ಟೂ ಬೀಳುತ್ತದೆ, ಅದನ್ನು ಮುಚ್ಚಿಡಬಾರದು. ಗಾರ್ಡಿನ 868ನ್ನು 26ರಿಂದ ಗುಣಿಸಿದರೆ 22,568. ಇಎಸ್‌ಐ ಮಿತಿ 21,000ದಲ್ಲೇ ನಿಂತಿದೆ. ಕನಿಷ್ಠ ಕೂಲಿಯವನೇ ಇಎಸ್‌ಐನಿಂದ ಹೊರಗೆ! ಮಿತಿ ದಾಟಿದ ತಕ್ಷಣ ಕಾರ್ಡು ಸಾಯುವುದಿಲ್ಲ. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂದು ವಂತಿಗೆಯ ಎರಡು ಅವಧಿಗಳಿವೆ; ಅವಧಿಯ ನಡುವೆ ಮಿತಿ ದಾಟಿದರೆ ಅದು ಮುಗಿಯುವ ತನಕ ವಂತಿಗೆ ಕಟ್ಟಲೇಬೇಕು. ಅಕ್ಟೋಬರ್–ಮಾರ್ಚ್ ಅವಧಿಯ ವಂತಿಗೆಗೆ ಸೌಲಭ್ಯ ಸಿಗುವುದು ಮುಂದಿನ ಜುಲೈ–ಡಿಸೆಂಬರಿನಲ್ಲಿ. ಆದರೆ ದರ ಏರುವುದೇ ಏಪ್ರಿಲ್ 1, ಅಕ್ಟೋಬರ್ 1ಕ್ಕೆ, ಅವಧಿ ಶುರುವಾಗುವ ದಿನವೇ. ಹಾಗಾಗಿ ನಡು ಅವಧಿಯ ರಕ್ಷಣೆ ಇಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಕೆಆರ್‌ಎಸ್ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೋ ಡಯಾಲಿಸಿಸ್ಸಿಗೋ ಹೋಗುವವರು ಕೊನೆಯ ಸೌಲಭ್ಯದ ತಿಂಗಳನ್ನು ಮೊದಲೇ ಗುರುತು ಹಾಕಿಕೊಂಡು, ಅಷ್ಟರೊಳಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಮಿತಿ ನೋಡುವಾಗ ಓವರ್‌ಟೈಮ್ ಸೇರಿಸುವಂತಿಲ್ಲ. ಓವರ್‌ಟೈಮ್ ಹಣ ಸೇರಿಸಿ ಹೌಸ್‌ಕೀಪಿಂಗ್‌ನವರನ್ನು ಹೊರಗೆ ಹಾಕಿದ್ದರೆ ಅದು ತಪ್ಪು.

ಬಾಕಿ ಹಣದ ವಿಷಯ. ದರ ಏರಿದಾಗ ಗುತ್ತಿಗೆದಾರ ‘ಮೇಲಿನಿಂದ ಬಿಲ್ ಪಾಸಾಗಲಿ’ ಎನ್ನುತ್ತಾನೆ. ಅವನ ಬಿಲ್ಲಿಗೂ ಕೆಲಸಗಾರರ ಕೂಲಿಗೂ ಸಂಬಂಧವಿಲ್ಲ, ಮುಂದಿನ ತಿಂಗಳ 7ರೊಳಗೆ ಹೊಸ ದರದಲ್ಲೇ ಹಾಕಬೇಕು. ಹೆಚ್ಚು ಜನ ಕಳೆದುಕೊಳ್ಳುವುದು ಗುತ್ತಿಗೆ ಬದಲಾಗುವ ಹೊತ್ತಿನಲ್ಲಿ. ಹಳಬ ಬಾಕಿ ಉಳಿಸಿಕೊಂಡು ಹೊರಟ, ಹೊಸಬ ‘ನನಗೆ ಸಂಬಂಧವಿಲ್ಲ’ ಎಂದ. ಸಂಹಿತೆಯ 43ನೇ ಕಲಮಿನಂತೆ ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಹೊಣೆ. ಆದರೆ ಹಣ ಸುಲಭವಾಗಿ ಬರಬೇಕೆಂದರೆ ಹಳಬನ ಕೊನೆಯ ಬಿಲ್ಲು ಮತ್ತು ಭದ್ರತಾ ಠೇವಣಿ ಬಿಡುಗಡೆಯಾಗುವ ಮೊದಲೇ ನಿಲ್ದಾಣದ ನಿರ್ದೇಶಕರಿಗೆ ಲಿಖಿತ ಅರ್ಜಿ ಹೋಗಬೇಕು. ಹೆಸರು, ತಿಂಗಳು, ದುಡಿದ ದಿನ, ಬರಬೇಕಾದ ದರ, ಬಂದ ದರ, ವ್ಯತ್ಯಾಸ: ಒಂದು ಹಾಳೆಯಲ್ಲಿ ಆರು ಕಾಲಂ ಸಾಕು. ಎಲ್ಲರೂ ಒಟ್ಟಿಗೆ ಸಹಿ ಹಾಕಿ, ಇನ್‌ವರ್ಡಿನಲ್ಲಿ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ.

ಅಲ್ಲಿ ಆಗದಿದ್ದರೆ ಮೈಸೂರಿನ ರಾಜ್ಯ ಕಾರ್ಮಿಕ ಇಲಾಖೆಗೆ ಹೋಗಬೇಡಿ. ಇದು ತಮ್ಮ ವ್ಯಾಪ್ತಿಯಲ್ಲ ಎಂದು ಕಾಗದ ವಾಪಸ್ ಬರುವ ಹೊತ್ತಿಗೆ ಕೆಲವು ತಿಂಗಳು ಕಳೆದಿರುತ್ತದೆ. ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ, ‘ಸಮಾಧಾನ್’ ಪೋರ್ಟಲಿನಲ್ಲೂ ದೂರು ಹಾಕಬಹುದು. ಕ್ಲೈಮ್ ಹಾಕಲು ಹಿಂದೆ ಆರು ತಿಂಗಳಷ್ಟೇ ಇತ್ತು, ಸಂಹಿತೆಯಲ್ಲಿ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸಲು ಕ್ಲೈಮ್ ವಿಚಾರಿಸುವ ಅಧಿಕಾರಿಗೆ ಅವಕಾಶವಿದೆ. ಜೊತೆಗೆ ಇಡಬೇಕಾದ್ದು ಗೇಟ್ ಪಾಸಿನ ನಕಲು, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ಕು, ಮತ್ತು ವಾಟ್ಸಾಪ್ ಗುಂಪಿನಲ್ಲಿ ಸೂಪರ್‌ವೈಸರ್ ಪ್ರತಿ ವಾರ ಹಾಕುವ ಡ್ಯೂಟಿ ಚಾರ್ಟಿನ ಫೋಟೋ. ಹಾಜರಾತಿಯ ಪುಸ್ತಕದಲ್ಲಿ 26 ಇದ್ದು ಚಾರ್ಟಿನಲ್ಲಿ 30 ಇರುವುದು ಅಲ್ಲೇ ಸಿಗುತ್ತದೆ, ಆದ್ದರಿಂದ ಫೋನ್ ಬದಲಿಸುವಾಗ ಆ ಗುಂಪನ್ನು ಅಳಿಸಬೇಡಿ.